ಕಾಲು ಮುರಿದ ಕುರಿಯ ಜಾಗ

ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯಾದ ಕ್ರಿಸ್ಮಸ್ ಗೋದಲಿ ಜೋಡಿಸಲು ಚರ್ಚಿನ ಪೆಟ್ಟಿಗೆಯಿಂದ ಮಣ್ಣಿನ ಗೊಂಬೆಗಳನ್ನು ಹೊರತೆಗೆದಾಗ ಕುರಿಯ ಒಂದು ಕಾಲು ಮುರಿದಿತ್ತು.

“ಊನ ಕಂಡರೆ ನಿನ್ನನ್ನು ಎಸೆಯುತ್ತಾರೆ. ನನ್ನ ಹಾಗೆ ನೆಟ್ಟಗೆ ನಿಲ್ಲು,” ಎಂದಿತು ಒಂಟೆ.

ಹೆದರಿದ ಕುರಿ ಮೋಟುಗಾಲನ್ನು ಹುಲ್ಲಿನಲ್ಲಿ ಮುಚ್ಚಿಟ್ಟು, ಉಸಿರು ಬಿಗಿಹಿಡಿದು ನಿಂತಿತು. ಗೊಂಬೆ ಜೋಡಿಸುತ್ತಿದ್ದ ಸೆಲೆಸ್ತಿನ್ ಬಾಯಮ್ಮ ಕೈ ತೆಗೆದದ್ದೇ ತಡ, ಕುರಿ ಪಲ್ಟಿ ಹೊಡೆಯಿತು. ಎತ್ತಿ ನಿಲ್ಲಿಸಿದರೆ ಮತ್ತೆ ಬಿತ್ತು.

“ನನ್ನಿಂದಾಗದು ಬಾಯಮ್ಮ, ಕಾಲು ಮುರಿದಿದೆ,” ಎಂದು ಕೊನೆಗೆ ಒಪ್ಪಿಕೊಂಡಿತು.

“ಮೊದಲೇ ಹೇಳಬಾರದಿತ್ತೇ?” ಎಂದು ನಕ್ಕು, ಆಕೆ ಅದನ್ನು ಬಾಲಯೇಸುವಿನ ತೊಟ್ಟಿಲಿಗೇ ಒರಗಿಸಿದರು.

ಗೋದಲಿಯ ದೂರದ ಬಾಗಿಲಲ್ಲಿ ನೆಟ್ಟಗೆ ನಿಂತಿದ್ದ ಒಂಟೆ ಕತ್ತು ಚಾಚಿ ಕೇಳಿತು, “ಅಷ್ಟು ಹತ್ತಿರದ ಜಾಗ ನಿನಗೆ ಹೇಗೆ ಸಿಕ್ಕಿತು?”

ಮಗುವಿನ ಪಾದಕ್ಕೆ ಕೆನ್ನೆ ಒತ್ತಿಕೊಂಡು ಕುರಿ ಹೇಳಿತು, “ನಿಲ್ಲಲು ಆಗಲಿಲ್ಲವಲ್ಲ, ಅದಕ್ಕೆ.”