ಗೀಜಗನ ಬಾಗಿಲು

ಏಳು ಸಮುದ್ರ ದಾಟಿ ಕೆರೆಗಿಳಿದ ಹೆಬ್ಬಾತು, ಜಾಲಿಮರದಲ್ಲಿ ತೂಗುತ್ತಿದ್ದ ಗೀಜಗನ ಗೂಡು ಕಂಡು ಹೌಹಾರಿತು. “ಅಯ್ಯೋ, ಬಾಗಿಲು ಕೆಳಗಿದೆಯಲ್ಲಪ್ಪಾ! ತಿರುಗಿಸು, ನಾವು ನೆರವು ಕೊಡುತ್ತೇವೆ.”

“ಹಾವು, ಮಳೆ ಎರಡೂ ಒಳಗೆ ಬರಬಾರದೆಂದು ನಮ್ಮ ಹಿರಿಯರ ಕಾಲದಿಂದ ಹೀಗೇ, ಸ್ವಾಮಿ.”

“ನಾನು ನೂರು ದೇಶದ ಗೂಡು ನೋಡಿದವನು. ಎಲ್ಲ ಕಡೆಯೂ ಬಾಗಿಲು ಮೇಲೆಯೇ.”

ಅಷ್ಟು ದೂರದಿಂದ ಬಂದವರು ತಿಳಿಯದೆ ಹೇಳುತ್ತಾರೆಯೇ? ಗೀಜಗ ಅನುಮಾನಿಸುತ್ತಲೇ ಗೂಡನ್ನು ತಲೆಕೆಳಗು ಮಾಡಿ, ನೆರವೆಂದು ಬಂದ ಜೇಡಿಮಣ್ಣನ್ನು ಒಳಗೆಲ್ಲ ಮೆತ್ತಿತು. ಒಳಗೆ ಮೊಟ್ಟೆಯಿಟ್ಟ ಮರುದಿನದ ಮಳೆಗೆ ಗೂಡು ಬಿಂದಿಗೆಯಂತೆ ತುಂಬಿ ಮೊಟ್ಟೆಗಳೆಲ್ಲ ನೀರುಪಾಲಾದವು.

ಹೆಬ್ಬಾತು ಇಣುಕಿ ನೋಡಿ ಹಿಗ್ಗಿತು. “ಭೇಷ್! ಮನೆಯೊಳಗೇ ನೀರು ಬಂತು! ಬರುವ ವರ್ಷ ನಿನ್ನ ಮರಿಗಳಿಗೆ ಈಜು ಕಲಿಸುವ ಯೋಜನೆ ತರುತ್ತೇವೆ.”

ಕೈ ಮುಗಿಯಬೇಕೋ ಬಾಯಿ ಬಡಿದುಕೊಳ್ಳಬೇಕೋ ತಿಳಿಯದೆ ಗೀಜಗ ಕೇಳಿತು: “ಯಾವ ಮರಿಗಳಿಗೆ, ಸ್ವಾಮಿ?”