ಎಡಗಡೆ ಹಿಂದಿನ ಗಾಜು

ಹೊಳೆದಂಡೆಯ ಆಶ್ರಮದಲ್ಲಿ ಒಬ್ಬ ಗುರುಗಳಿದ್ದರು. ಎಲ್ಲರ ಬಾಯಲ್ಲೂ ಅಜ್ಜಯ್ಯ. ಅವರಿಗೊಬ್ಬ ಶಿಷ್ಯ, ಓಬಳಯ್ಯ. ಮಡಿಯೆಂದರೆ ಅವನದೇ ಮಡಿ, ನೀರನ್ನೂ ತೊಳೆದು ಕುಡಿಯುವ ಪೈಕಿ.

ಭಕ್ತರೊಬ್ಬರು ಕೊಟ್ಟ ಹಳೇ ಕಾರೊಂದಿತ್ತು. ಗುಂಡಿ ಒತ್ತಿದರೆ ಗಾಜು ಏರುವ, ಇಳಿಯುವ ಕಾರು. ಓಡಿಸುವವನೂ ಓಬಳಯ್ಯ, ರಿಪೇರಿಯವನೂ ಓಬಳಯ್ಯ.

ದಸರೆ ಮುಗಿದು ವಾರವಾಗಿರಲಿಲ್ಲ, ಎಡಗಡೆ ಹಿಂದಿನ ಗಾಜು ಮೇಲೇರಿದ್ದು ಮತ್ತೆ ಇಳಿಯಲೊಲ್ಲದು. ಅದು ಅಜ್ಜಯ್ಯ ಕೂರುವ ಕಡೆ.

ಓಬಳಯ್ಯ ಫ್ಯೂಸ್ ನೋಡಿದ. ಸರಿಯಿತ್ತು. ಬಾಗಿಲ ಒಳಹಲಗೆ ಬಿಚ್ಚಿ ಮೋಟಾರಿಗೆ ಬ್ಯಾಟರಿಯಿಂದ ನೇರ ವೈರು ಕೊಟ್ಟ. ಗಾಜು ಗರ್ರೆಂದು ಇಳಿಯಿತು, ಏರಿತು. ಹಲಗೆ ಹಾಕಿ ಸ್ಕ್ರೂಡ್ರೈವರಿನ ಹಿಡಿಯಿಂದ ಗುಂಡಿ ಒತ್ತಿದ. ಉಹೂಂ. ಮತ್ತೆ ಬಿಚ್ಚಿದ. ಮೂರು ದಿನ ಇದೇ ಹಾಡು.

ನಾಲ್ಕನೆಯ ದಿನ ಸುದ್ದಿ ಎದ್ದಿತು. ಅಡುಗೆಯ ಹನುಮಕ್ಕ ಸಂತೆಗೆ ಹೋಗುವಾಗ ಅಜ್ಜಯ್ಯನ ಜಾಗದಲ್ಲೇ ಕೂತಿದ್ದಳಂತೆ. ಎಲೆಯಡಿಕೆ ಉಗುಳಲು ದಾರಿಯುದ್ದ ಗಾಜು ಇಳಿಸಿದ್ದಳಂತೆ. ಎಂಜಲು ಗುಂಡಿಯೊಳಗೆ ಇಳಿಯಿತಂತೆ.

ಅಷ್ಟೂ ಅಂತೆಗಳು ಹುಟ್ಟಿದ್ದು ಓಬಳಯ್ಯನ ಬಾಯಲ್ಲಿ. ಕೇಳಿದವರು ಸುಮ್ಮನಿರುತ್ತಾರೆಯೇ? ಸಂಜೆ ಹೊತ್ತಿಗೆ ಅವಳು ಅಜ್ಜಯ್ಯನ ದಿಂಬಿಗೂ ಒರಗಿಬಿಟ್ಟಿದ್ದಳು.

ಹನ್ನೆರಡು ವರ್ಷ ಸೌದೆ ಹೊಗೆ ಕುಡಿದ ಹೆಂಗಸು. "ಬೆರಳು ತೋರಿಸುವವರಿಗೆ ಅನ್ನ ಬಡಿಸಲಾರೆ" ಅಂದು ಬೆಳಿಗ್ಗೆ ಬಟ್ಟೆ ಗಂಟು ಕಟ್ಟಿದಳು.

"ತಂಗಿ ಮನೆಗೆ ನಾನೇ ಬಿಟ್ಟು ಬರುತ್ತೇನೆ" ಅಂದ ಓಬಳಯ್ಯ, ದೊಡ್ಡ ಉಪಕಾರಿಯ ಹಾಗೆ.

"ಹೋಗುವವಳಿಗೆ ಯಾವ ಜಾಗವಾದರೇನು" ಅಂತ ಅವಳೂ ಬೇಕೆಂದೇ ಅದೇ ಎಡಗಡೆ ಕೂತಳು.

ಅಷ್ಟರಲ್ಲಿ ಅಜ್ಜಯ್ಯ ಹೊಳೆಯಿಂದ ಬಂದರು.

"ಬಿಸಿಲಲ್ಲಿ ಬೇಯುತ್ತಿದ್ದಾಳೆ. ಗಾಜು ಯಾಕೆ ಇಳಿಸಿಲ್ಲ?"

"ಕೆಡಿಸಿದವಳೇ ಅವಳು, ಅಜ್ಜಯ್ಯ. ಫ್ಯೂಸ್ ಸರಿ, ಮೋಟಾರು ಸರಿ. ಉಳಿದದ್ದು ಸ್ವಿಚ್ಚೇ."

"ಬಿಚ್ಚಿ ನೋಡಿದೆಯಾ?"

"ಇಡೀ ಬಾಗಿಲು ಬಿಚ್ಚಿದ್ದೇನೆ. ನಾಲ್ಕು ಸಲ."

"ಸ್ವಿಚ್ಚು?"

ಓಬಳಯ್ಯ ಕೈ ಹಿಂದಕ್ಕೆ ಕಟ್ಟಿಕೊಂಡ. "ಎಂಜಲಾಗಿದೆ. ನಾನು ಹೇಗೆ ಮುಟ್ಟಲಿ?"

ಅಜ್ಜಯ್ಯ ಹಣೆ ಹಣೆ ಬಡಿದುಕೊಂಡರು. "ಕೊಡಪ್ಪಾ ಆ ಸ್ಕ್ರೂಡ್ರೈವರು."

ಬಾಗಿಲು ತೆರೆದು ಸ್ವಿಚ್ಚು ಕಿತ್ತರು. ಬಿಚ್ಚಿ ಅಂಗೈ ಮೇಲೆ ಕುಟ್ಟಿದರು. ಕೆಂಪಗೆ ಏನೋ ಉದುರಿತು.

"ನೋಡಿ, ಕೆಂಪು" ಅಂದ ಓಬಳಯ್ಯ. "ನಾನು ಸುಳ್ಳು ಹೇಳಿದೆನೇ?"

ಅಜ್ಜಯ್ಯ ಬೆರಳಲ್ಲಿ ತಿಕ್ಕಿದರು. ಕೆಂಪಿನ ಜೊತೆ ಹಳದಿಯೂ ಹತ್ತಿತು.

"ಎಲೆಯಡಿಕೆಗೆ ಅರಿಶಿನ ಹಾಕುತ್ತಾರೇನೋ?"

ಓಬಳಯ್ಯ ಬಗ್ಗಿ ಆ ಬೆರಳು ನೋಡಿದ.

"ಆಯುಧಪೂಜೆಯ ದಿನ ಕಾರಿಗೆ ಅರಿಶಿನ ಕುಂಕುಮ ಇಟ್ಟವರು ಯಾರು?"

"ನಾನೇ. ಒಂದೊಂದು ಗುಂಡಿಗೂ ಒಂದೊಂದು ಚಿಟಿಕೆ."

"ಈ ಗುಂಡಿಗೆ?"

"ಅದು ತಮ್ಮ ಕೈ ತಾಗುವ ಗುಂಡಿ." ಅವನ ದನಿ ಕುಗ್ಗಿತು. "ಒಂದು ಹಿಡಿ."

ಅಜ್ಜಯ್ಯ ಆ ಬೆರಳನ್ನು ಅವನ ಹಣೆಗೇ ಒರೆಸಿದರು. ಸ್ವಿಚ್ಚನ್ನು ಪಂಚೆಯ ಚುಂಗಿನಿಂದ ಉಜ್ಜಿ, ಮತ್ತೆ ಕೂರಿಸಿ, ಬಾಗಿಲು ಮುಚ್ಚಿದರು.

"ಚಾವಿ ತಿರುಗಿಸು" ಅಂದರು ಅವನಿಗೆ. ಆಮೇಲೆ ಗಾಜು ತಟ್ಟಿದರು. "ಹನುಮಕ್ಕಾ, ಒತ್ತಮ್ಮ."

ಅವಳು ಒತ್ತಿದಳು. ಗಾಜು ಸರಾಗ ಇಳಿಯಿತು. ಮೈಯೆಲ್ಲ ಬೆವರು, ತೊಡೆಯ ಮೇಲೆ ಗಂಟು, ನೋಟ ನೆಟ್ಟಗೆ ಮುಂದಕ್ಕೆ.

ಓಬಳಯ್ಯ ಇಳಿದು ಬಂದು ಅಜ್ಜಯ್ಯನ ಕಾಲು ಹಿಡಿದ. "ಈಗ ನಾನು ಏನು ಮಾಡಲಿ, ಅಜ್ಜಯ್ಯ?"

ಅಜ್ಜಯ್ಯ ಕಾಲು ಹಿಂದಕ್ಕೆಳೆದುಕೊಂಡರು.

"ನನ್ನನ್ನೇನು ಕೇಳುತ್ತೀ? ಅವಳನ್ನು ಕೇಳು. ಗಾಜು ಇಳಿದಿದೆ."