ಕೊಟ್ರನ ಬಾಗಿಲು

ಒಬ್ಬರನ್ನು ಮನೆಗೆ ಬಾ ಎಂದು ಕರೆದ ಮೇಲೆ ಬಾಗಿಲು ಹಾಕಿಕೊಂಡಿರಬಾರದು. ನಿಯಮ ಇಷ್ಟೇ. ಇದನ್ನು ತಿಳಿಯಲು ಓದು ಬರಹ ಬೇಕಾಗಿಲ್ಲ. ಈ ಕತೆಯಲ್ಲಿ ಬರುವವರೆಲ್ಲ ಇದನ್ನು ಬಲ್ಲವರು, ಎಲ್ಲರೂ ಮುರಿದವರು. ಬಾಯಿಬಿಟ್ಟು ಇದನ್ನು ಹೇಳಿಕೊಟ್ಟವಳೂ ಕಡೆಗೆ ಮುರಿ ಅಂದಳು. ಮುರಿಯದೆ ಉಳಿದವನು ಒಬ್ಬನೇ. ಅವನು ಪೆದ್ದ.

ಅವನಿಗೆ ಕೊಟ್ರೇಶ ಅಂತ ಹೆಸರಿತ್ತು. ಹೆಸರಿಟ್ಟ ತಾಯಿ ಹಾಲವ್ವ ಅವನನ್ನು ಕೊಟ್ರ ಅನ್ನುತ್ತಿದ್ದಳು. ಊರಿನವರು ಅಷ್ಟೂ ಅನ್ನುತ್ತಿರಲಿಲ್ಲ. “ಲೇ ಪೆದ್ದ” ಅನ್ನುತ್ತಿದ್ದರು, ಅವನು ತಿರುಗುತ್ತಿದ್ದ.

ಒಂದು ದಿನ ಹಾಲವ್ವ ಮಾಳಿಗೆ ಮೇಲೆ ಸಂಡಿಗೆ ಒಣಹಾಕಿ, “ಕಾಗೆ ಬಂದ್ರೆ ಓಡ್ಸು ಮಗನೇ” ಅಂದಳು. ಕಾಗೆ ಬಂತು. ಓಡಿಸಿದ. ಕೆರೆ ದಾಟಿಸಿದ, ಹುಣಸೆ ತೋಪು ದಾಟಿಸಿದ, ಪಕ್ಕದೂರಿನ ಗಡಿ ದಾಟಿಸಿ ಸಂಜೆಗೆ ಬೆವರು ಒರೆಸಿಕೊಳ್ಳುತ್ತ ಬಂದ. ಅಷ್ಟರಲ್ಲಿ ಸಂಡಿಗೆಯನ್ನು ಕೋತಿಗಳು ಮುಗಿಸಿದ್ದವು.

“ಕೋತಿ ಓಡಿಸೋಕೆ ಏನಾಗಿತ್ತೋ ನಿಂಗೆ?”

“ನೀನು ಕಾಗೆ ಅಂದಿದ್ದೆ ಅವ್ವ.”

ಹಾಲವ್ವ ಹಣೆ ಚಚ್ಚಿಕೊಂಡಳು. ಚಚ್ಚಿಕೊಂಡು ಚಚ್ಚಿಕೊಂಡು ಅವಳ ಹಣೆ ಸವೆದಿತ್ತು. ತಾನು ಹೋದ ಮೇಲೆ ಇವನ ಗತಿ ಏನು ಅನ್ನೋ ಒಂದೇ ಚಿಂತೆ ಅವಳಿಗೆ. ಕಡೆಗೆ ತನ್ನ ಅಣ್ಣನ ಕಾಲು ಹಿಡಿದು ದಾವಣಗೆರೆಯ ಒಂದು ಮಂಡಕ್ಕಿ ಭಟ್ಟಿಯಲ್ಲಿ ಅವನಿಗೆ ಕೆಲಸ ಹಚ್ಚಿದಳು. ರೊಟ್ಟಿ, ಶೇಂಗಾ ಹಿಂಡಿ ಗಂಟು ಕಟ್ಟಿ ಬಸ್ಸು ಹತ್ತಿಸುವಾಗ ಮಾತು ಹೇಳಿದಳು:

“ನೋಡು ಕೊಟ್ರ. ಊರಲ್ಲಿ ಕೆಲಸ ಇದ್ರೆ ಸಾಲದು, ಜನ ಇರ್ಬೇಕು. ನಿಂಗೆ ಜ್ವರ ಬಂದ್ರೆ ಒಂದು ಲೋಟ ಗಂಜಿ ಕೊಡೋರು ನಾಲ್ಕು ಜನ ಆಗ್ಬೇಕು. ಮೂರು ತಿಂಗಳಿಗೆ ಬಂದು ನೋಡ್ತೀನಿ. ಇಲ್ಲ ಅಂದ್ರೆ ಅವತ್ತೇ ನಿನ್ನ ಕರ್ಕೊಂಡು ವಾಪಸ್ ಬರ್ತೀನಿ. ಯಾರಾದ್ರೂ ಕರೆದ್ರೆ ಇಲ್ಲ ಅನ್ಬೇಡ. ತಿಳೀತಾ?”

“ತಿಳೀತು ಅವ್ವ.”

ಭಟ್ಟಿಯಲ್ಲಿ ಕಾದ ಮರಳಿಗೆ ಅಕ್ಕಿ ಬಿದ್ದದ್ದೇ ಚಟಚಟ ಅರಳಿ ಬೆಳ್ಳಗೆ ಮೇಲೇಳುತ್ತಿತ್ತು. ಅದನ್ನು ನೋಡುತ್ತ ನಿಂತಿದ್ದಾಗ ಹಳೇ ಕೆಲಸಗಾರ ಮಾಬುಸಾಬ್ ಕೂಗಿದ, “ಕೊಟ್ರೇಶಪ್ಪ, ಈ ಕಡೆ ಬಾರಪ್ಪ.” ಯಾರನ್ನು ಕರೆಯುತ್ತಿದ್ದಾರೆ ಎಂದು ಕೊಟ್ರ ಹಿಂದೆ ತಿರುಗಿ ನೋಡಿದ. ಹಿಂದೆ ಗೋಡೆ ಇತ್ತು. ತನ್ನನ್ನೇ ಅಂತ ತಿಳಿದಾಗ ಅವನಿಗೆ ಹೊಸ ಅಂಗಿ ತೊಟ್ಟ ಹಾಗಾಯಿತು. ಈ ಊರು ಬಿಟ್ಟು ಹೋಗಬಾರದು ಅಂತ ಆ ಕ್ಷಣವೇ ಅಂದುಕೊಂಡ. ನಾಲ್ಕು ಜನ ಬೇಕು. ನಾಲ್ಕೇ ಜನ.

ಅವನು ಒಂದು ವಠಾರದಲ್ಲಿ ಒಂದು ಕೋಣೆ ಹಿಡಿದಿದ್ದ. ಪಕ್ಕದ ಮನೆ ಬಟ್ಟೆ ಅಂಗಡಿ ಗುಮಾಸ್ತ ಚನ್ನಬಸಪ್ಪನದು. ಮಧ್ಯಾಹ್ನ ಗಂಡ ಹೆಂಡತಿ ಬಾಗಿಲು ತೆಗೆದಿಟ್ಟು ಊಟಕ್ಕೆ ಕೂತಿದ್ದರು. ಕೊಟ್ರ ಆ ದಾರಿಯಲ್ಲಿ ಹಾದ.

“ಬಾರಪ್ಪ, ಊಟ ಮಾಡು ಬಾ,” ಅಂದ ಚನ್ನಬಸಪ್ಪ.

“ಆತು, ನೀವು ಮಾಡ್ರಿ” ಅಂದು ಮುಂದೆ ಹೋಗಬೇಕು. ಇದು ಎಲ್ಲರಿಗೂ ಗೊತ್ತು. ಕೊಟ್ರನಿಗೆ ಗೊತ್ತಿಲ್ಲ. ಕರೆದರೆ ಇಲ್ಲ ಅನ್ನಬೇಡ ಅಂದಿದ್ದಳು ಅವ್ವ. ಕಾಲು ತೊಳೆದ, ಒಳಗೆ ಬಂದ, ಚನ್ನಬಸಪ್ಪನ ಮಗ್ಗುಲಿಗೆ ಕೂತ. ಹೆಂಡತಿ ನೀಲಕ್ಕ ಗಂಡನ ಮುಖ ನೋಡಿದಳು. ಗಂಡ ರೊಟ್ಟಿ ಬುಟ್ಟಿ ನೋಡಿದ. ಕೊಟ್ರ ಎರಡನ್ನೂ ನೋಡದೆ ಉಂಡ.

ಮರುದಿನವೂ ಹಾದ, ಮರುದಿನವೂ ಕರೆದರು, ಮರುದಿನವೂ ಉಂಡ. ಮೂರನೇ ದಿನ ನೀಲಕ್ಕ ಗಂಡನಿಗೆ ಮೊದಲೇ ಹೇಳಿ ಇಟ್ಟಿದ್ದಳು, ಬಾಯಿ ಮುಚ್ಚಿಕೊಂಡು ಉಣ್ಣಿ ಅಂತ. ಪಾಪ, ಬಾಯಿ ಬಿಗಿ ಹಿಡಿದೇ ಇದ್ದ. ಹೊಸ್ತಿಲ ಹತ್ತಿರ ನೆರಳು ಕಂಡದ್ದೇ, ಹುಟ್ಟು ಅಭ್ಯಾಸ ನೋಡಿ, “ಬಾರಪ್ಪ” ಅಂದೇಬಿಟ್ಟ. ನಾಲ್ಕನೇ ದಿನ ಊಟದ ಹೊತ್ತಿಗೆ ಬಾಗಿಲು ಹಾಕಿತ್ತು.

ಭಾನುವಾರ ಹಾಲವ್ವ ಫೋನ್ ಮಾಡಿದಳು. “ಎಷ್ಟು ಜನ ಆದ್ರಪ್ಪ?”

“ಒಂದು ಮನೆ ಆಗಿತ್ತು ಅವ್ವ. ಈಗ ಹಾಕ್ಕೊಂಡೈತೆ.”

ಕೇಳಿದಳು, ಹಣೆ ಚಚ್ಚಿಕೊಂಡಳು. ಚಟ್ ಅಂದದ್ದು ಫೋನಿನಲ್ಲೂ ಕೇಳಿಸಿತು. “ಬಾಯಿಮಾತಿಗೆ ಕರೆದ್ರೆ ಹೋಗಿ ಗಂಗಾಳದ ಮುಂದೆ ಕೂರೋದೇನೋ? ಯಾರೇ ಬಾ ಅನ್ಲಿ, ಬ್ಯಾಡ ಅನ್ಬೇಕು. ಮೂರು ಸಲ ಬ್ಯಾಡ ಅನ್ಬೇಕು. ನಾಲ್ಕನೇ ಸಲನೂ ಕರೆದ್ರೆ ಅವರು ನಿಜವಾಗಿ ಕರೀತಿದಾರೆ ಅಂತ. ಆಗ ಹೋಗು.”

“ಮೂರು ಸಲ ಬ್ಯಾಡ. ತಿಳೀತು ಅವ್ವ.”

ಮರುದಿನ ಭಟ್ಟಿಯ ಮುಂದೆ ಮಾಬುಸಾಬ್ ಗಾಡಿಗೆ ಮಂಡಕ್ಕಿ ಚೀಲ ಏರಿಸುತ್ತಿದ್ದ. ಭಾರವಿಲ್ಲ, ಆದರೆ ಆಳೆತ್ತರದ ಚೀಲ. ಅರ್ಧ ಏರಿದ್ದು ಜಾರತೊಡಗಿತು.

“ಕೊಟ್ರೇಶಪ್ಪ, ಬಾರೋ, ಹಿಡಿ.”

“ಬ್ಯಾಡಣ್ಣ.”

“ಜಾರ್ತೈತೆ ಬಾರೋ.”

“ಬ್ಯಾಡ ಬಿಡ್ರಿ ಅಣ್ಣ.”

“ಕೈ ಮುಗೀತೀನಿ, ಬಾರೋ.”

“ಅಯ್ಯೋ ಬ್ಯಾಡ, ಇರ್ಲಿ.”

ಚೀಲ ಬಿತ್ತು, ಬಾಯಿ ಬಿಚ್ಚಿತು, ಗಾಳಿ ಬೀಸಿತು. ಓಣಿಗೆ ಓಣಿಯೇ ಬೆಳ್ಳಗಾಯಿತು. ಎಲ್ಲಿದ್ದವೋ ಆಡುಗಳು, ಮರಿಗಳನ್ನೂ ಕರೆದುಕೊಂಡು ಬಂದವು. ನಡುವೆ ಕುಕ್ಕರಗಾಲಲ್ಲಿ ಕೂತ ಮಾಬುಸಾಬ್ ಕಡೆಗೆ ಸೋತ ದನಿಯಲ್ಲಿ ಅಂದ, “ಬಾರಪ್ಪ. ಗುಡಿಸೋಕಾದ್ರೂ ಬಾ.”

“ಬಂದೆ ಅಣ್ಣ!” ಅಂತ ಕೊಟ್ರ ಓಡಿದ.

ಗುಡಿಸಿ ಮುಗಿಯುವ ತನಕ ಮಾಬುಸಾಬ್ ಬೈದ. “ಒಬ್ಬ ಭಾರ ಎತ್ತಾಕೆ ಒದ್ದಾಡ್ತಿದ್ರೆ ಕರೆಯೋ ತನಕ ಕಾಯೋದಲ್ಲ. ಓಡಿ ಹೋಗಿ ಕೈ ಕೊಡ್ಬೇಕು. ದೋಸ್ತಿ ಅಂದ್ರೆ ಅದು.” ಆಮೇಲೆ, ಬೈದದ್ದು ಜಾಸ್ತಿಯಾಯಿತೇನೋ ಅನ್ನಿಸಿ, “ಒಂದಿನ ಮನೆ ಕಡೆ ಬಾ, ಚಹಾ ಕುಡಿಯಾಣ” ಅಂದ. ಸಂಜೆ ಮನೆಗೆ ಹೋಗುವಾಗ ದೂರದಿಂದಲೇ ನೋಡಿದ, ಕೊಟ್ರ ಬಾಗಿಲಲ್ಲಿ ನಿಂತಿದ್ದಾನೆ. ಮಾಬುಸಾಬ್ ಹಾಗೇ ಪಕ್ಕದ ಸಂದಿಗೆ ತಿರುಗಿಕೊಂಡ. ಕೊಟ್ರ ಮಬ್ಬಾಗುವ ತನಕ ನಿಂತಿದ್ದು ಬಂದ.

ಕೆಲವು ವಾರ ಹೋದವು. ಓಣಿಯ ಗರಡಿ ಮನೆಯ ಮುಂದೆ ಗುಂಡುಕಲ್ಲು ಎತ್ತುವ ಪಂದ್ಯ ಇಟ್ಟರು. ಗೆದ್ದವರಿಗೆ ಪೇಟ. ಪೈಲ್ವಾನ್ ಓಬಣ್ಣ ತೊಡೆ ತಟ್ಟಿ, ಮಣ್ಣು ಮುಟ್ಟಿ, ಕಲ್ಲು ತಬ್ಬಿದ. ಮೊಣಕಾಲಿಗೆ ತಂದ. ಎದೆಗೆ ತಂದ. ಕತ್ತಿನ ನರ ಉಬ್ಬಿದವು, ಕಣ್ಣು ಕೆಂಪಾದವು. ಜನರೆಲ್ಲ ಉಸಿರು ಹಿಡಿದಿದ್ದರು. ಅವರ ನಡುವಿಂದ ಕೊಟ್ರ ನುಗ್ಗಿ ಬಂದ.

“ಒದ್ದಾಡ್ಬೇಡ್ರಿ ಅಣ್ಣ, ನಾನಿದೀನಿ,” ಅಂತ ಕಲ್ಲಿನ ಅಡಿಗೆ ಹೆಗಲು ಕೊಟ್ಟ.

ಕಲ್ಲು ಸಲೀಸಾಗಿ ಮೇಲೆ ಹೋಯಿತು. ಪಂದ್ಯ ನಡೆಸುವವರು, ಇಬ್ಬರು ಎತ್ತಿದ್ದು ಪಂದ್ಯವಲ್ಲ ಅಂದರು. ಪೇಟ ಬೇರೆಯವರ ತಲೆಗೆ ಹೋಯಿತು.

ಓಬಣ್ಣ ಅವನ ಕೊರಳಪಟ್ಟಿ ಹಿಡಿದು ಕೈ ಎತ್ತಿದ. ಕೊಟ್ರ ಏದುಸಿರು ಬಿಡುತ್ತ ನಗುನಗುತ್ತ ಕೇಳಿದ, “ಇನ್ನೊಂದು ಕಲ್ಲು ಐತಾ ಅಣ್ಣ?”

ಎತ್ತಿದ ಕೈ ಇಳಿಯಿತು. “ಯಾವೂರಪ್ಪ ನಿಂದು? ಯಾರು ಹೇಳಿದ್ರು ನಿಂಗೆ ಹಿಂಗೆ ಮಾಡು ಅಂತ?”

ಕೊಟ್ರ ಎಲ್ಲ ಹೇಳಿದ. ಗಂಜಿ ಕೊಡುವ ನಾಲ್ಕು ಜನ, ಮೂರು ತಿಂಗಳು, ಅವ್ವ ಬರುವುದಕ್ಕೆ ಇನ್ನು ಎರಡೇ ವಾರ.

“ಹುಚ್ಚಪ್ಪ, ದೋಸ್ತಿ ಹಂಗೆ ಮೈಮೇಲೆ ಬಿದ್ದು ಆಗಲ್ಲ,” ಅಂದ ಓಬಣ್ಣ. “ಕಂಡೋರಿಗೆಲ್ಲ ನಗ್ತಾ ನಗ್ತಾ ‘ಮನೆ ಕಡೆ ಬರ್ರಿ’ ಅನ್ನು. ಅವರು ‘ಬರ್ತೀವಿ’ ಅಂತಾರೆ. ಮುಗೀತು. ಈ ಊರಲ್ಲಿ ಎಲ್ಲರೂ ಮಾಡೋದು ಅದನ್ನೇ. ಆತು, ಹೋಗು. ಒಂದಿನ ಮನೆ ಕಡೆ ಬಾ.”

ಮರುದಿನ ಬೆಳಗ್ಗೆಯೇ ಕೊಟ್ರ ಅವನ ಮನೆ ಬಾಗಿಲು ತಟ್ಟಿದ. ಕಿಟಕಿ ಒಂದು ಬೆರಳಷ್ಟು ತೆರೆದು ಮುಚ್ಚಿತು. ಒಳಗಿನಿಂದ ಓಬಣ್ಣನದೇ ಗಂಟಲು ಹೇಳಿತು, “ಪೈಲ್ವಾನ್ರು ಮನೇಲಿಲ್ಲ.”

“ಆತಣ್ಣ. ಬಂದ್ರೆ ಹೇಳ್ರಿ, ಕೊಟ್ರೇಶ ಬಂದಿದ್ದ ಅಂತ.”

ಆ ಭಾನುವಾರ ಫೋನಿನಲ್ಲಿ ಇದನ್ನು ಕೇಳಿದ ಹಾಲವ್ವ ಹಣೆ ಚಚ್ಚಿಕೊಳ್ಳಲಿಲ್ಲ. ಅವಳಿಗೆ ಸಿಟ್ಟೇ ಬಂತು. “ಕರೆದ ಮೇಲೆ ಬಾಗಿಲು ಹಾಕ್ಕಂಡಿರೋರು ಮನುಷ್ಯರೇನೋ? ಅವರು ಏನಾದ್ರೂ ಮಾಡ್ಲಿ, ನೀನು ಹಂಗೆ ಮಾಡ್ಬ್ಯಾಡ. ನೀನು ಕರೆದ್ರೆ ನಿನ್ನ ಬಾಗಿಲು ಹಾಕಿರ್ಬಾರ್ದು. ತಿಳೀತಾ?” ಆಮೇಲೆ ದನಿ ಇಳಿಸಿ, “ಬರೋ ಭಾನುವಾರ ಬರ್ತೀನಿ. ಗಂಟು ಕಟ್ಟಿಟ್ಟಿರು,” ಅಂದಳು.

ಕೊಟ್ರ ಗಂಟು ಕಟ್ಟಲಿಲ್ಲ. ಓಣಿಗೆ ಹೋದ. ಕಂಡವರಿಗೆಲ್ಲ ನಗುನಗುತ್ತ, “ಭಾನುವಾರ ಮಧ್ಯಾಹ್ನ ಮನೆ ಕಡೆ ಬರ್ರಿ” ಅಂದ. ಚನ್ನಬಸಪ್ಪ, “ಬರ್ತೀವಪ್ಪ” ಅಂದ. ಮಾಬುಸಾಬ್, “ಬರ್ದೆ ಇರ್ತೀನಾ?” ಅಂದ. ಎದುರು ಸಿಕ್ಕ ಓಬಣ್ಣ, “ಖಂಡಿತ, ಖಂಡಿತ” ಅಂದ. ಎರಡು ಸಲ ಅಂದ.

ಭಾನುವಾರ ಭಟ್ಟಿಯಿಂದ ಒಂದು ಚೀಲ ಮಂಡಕ್ಕಿ ತಂದು, ಈರುಳ್ಳಿ ಮೆಣಸಿನಕಾಯಿ ಹಾಕಿ ಒಗ್ಗರಣೆ ಕೊಟ್ಟ. ಬಾಗಿಲು ತೆಗೆದಿಟ್ಟ. ಗಾಳಿಗೆ ಹಾಕಿಕೊಂಡಿತು. ಮತ್ತೆ ತೆಗೆದ, ಮತ್ತೆ ಹಾಕಿಕೊಂಡಿತು. ಹಾಕಿರಬಾರದು ಅಂದಿದ್ದಾಳೆ ಅವ್ವ. ಯೋಚನೆ ಮಾಡಿ ಸ್ಕ್ರೂ ಬಿಚ್ಚಿ ಬಾಗಿಲನ್ನೇ ಕಿತ್ತ. ಅಂಗಳದಲ್ಲಿ ಎರಡು ಕಲ್ಲಿನ ಮೇಲೆ ಮಲಗಿಸಿ, ತೊಳೆದು, ಅದರ ಮೇಲೆ ಮಂಡಕ್ಕಿ ಗುಡ್ಡ ಸುರಿದು ಕಾಯುತ್ತ ಕೂತ.

ಮೊದಲು ಬಂದವಳು ಹಾಲವ್ವ. ಬಾಗಿಲಿಲ್ಲದ ಮನೆ ನೋಡಿದಳು, ಮಂಡಕ್ಕಿ ಗುಡ್ಡ ನೋಡಿದಳು, ಮಗನ ಪಕ್ಕ ಕೂತಳು. ಒಂದು ಗಂಟೆಯಾಯಿತು. ಎರಡಾಯಿತು. ಮೂರಾಯಿತು. ವಠಾರದ ಬೆಕ್ಕು ಬಂತು, ಮೂಸಿ ಹೋಯಿತು.

ಹಾಲವ್ವ ಎದ್ದು ಒಳಗೆ ಹೋಗಿ ಅವನ ಬಟ್ಟೆ ಗಂಟು ಕಟ್ಟಿದಳು. ದನಿ ಮೆತ್ತಗಿತ್ತು. “ಬರಲ್ಲ ಕೊಟ್ರ. ಬರ್ತೀವಿ ಅನ್ನೋದು ಮಾತಿಗೆ ಅಷ್ಟೇ. ನಡಿ, ಊರಿಗೆ ಹೋಗಾಣ.”

“ಬರ್ತೀವಿ ಅಂದಾರೆ ಅವ್ವ. ಮನೆ ಸಿಕ್ಕಿರಲಿಕ್ಕಿಲ್ಲ,” ಅಂದ ಕೊಟ್ರ. ಆಮೇಲೆ ಅವನ ಮುಖ ಅರಳಿತು. ಎದ್ದ. ಮಂಡಕ್ಕಿ ಸಮೇತ ಬಾಗಿಲನ್ನು ತಲೆ ಮೇಲೆ ಹೊತ್ತ. ಹಾಲವ್ವ ಮುಖಕ್ಕೆ ಸೆರಗು ಮುಚ್ಚಿಕೊಂಡು ಹಿಂದೆ ಹಿಂದೆ ನಡೆದಳು.

ಪಕ್ಕದ ಮನೆಯ ಮುಂದೆ ಇಳಿಸಿದ. “ಅಣ್ಣ, ನಿಮಗೆ ನಮ್ಮನೆ ಸಿಗ್ಲಿಲ್ಲ ಅನ್ಸುತ್ತೆ. ಅದಕ್ಕೆ ಬಾಗಿಲು ಇಲ್ಲಿಗೇ ತಂದೀನಿ. ಬರ್ರಿ.”

ಎರಡು ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಚನ್ನಬಸಪ್ಪ ಹೊರಗೆ ಬಂದ, ಆ ಗೋಡೆ ನೋಡಿದ, ತಲೆ ತಗ್ಗಿಸಿ ಚಪ್ಪಲಿ ಮೆಟ್ಟಿಕೊಂಡ. “ಈರುಳ್ಳಿ ಹೆಚ್ಕೊಂಡು ಬಾರೇ,” ಅಂದ ಒಳಕ್ಕೆ. ಮಾಬುಸಾಬ್ ಈ ಸಲ ಬಾಗಿಲು ಹೊತ್ತವನನ್ನು ದೂರದಿಂದಲೇ ಕಂಡ. ಸಂದಿಗೆ ತಿರುಗಲು ಒಂದು ಹೆಜ್ಜೆ ಇಟ್ಟಿದ್ದ. ನಿಂತ. ಮಿರ್ಚಿ ಅಂಗಡಿಗೆ ಹೋಗಿ ಪೊಟ್ಟಣ ಕಟ್ಟಿಸಿಕೊಂಡು ಬಂದ.

ಓಬಣ್ಣನ ಬಾಗಿಲು ಹಾಕಿತ್ತು. ಕೊಟ್ರ ಕೂಗಿದ.

“ಪೈಲ್ವಾನ್ರು ಮನೇಲಿಲ್ಲ,” ಅಂತು ಒಳಗಿನ ಗಂಟಲು.

“ಇರ್ಲಿ ಬಿಡ್ರಿ ಅಣ್ಣ. ಅವರಿಲ್ದಿದ್ರೆ ನೀವಾದ್ರೂ ಬರ್ರಿ.”

 ಒಳಗೆ ಒಂದು ದೊಡ್ಡ ನಗೆ ಕೇಳಿಸಿತು, ಚಿಲಕ ಸರಿಯಿತು. ಓಬಣ್ಣ ಬಂದವನೇ ಬಾಗಿಲಿನ ಇನ್ನೊಂದು ತುದಿಗೆ ಹೆಗಲು ಕೊಟ್ಟ. “ನಡಿ. ಇದನ್ನ ಇಬ್ಬರು ಎತ್ತಬಹುದು.”

ವಠಾರದ ಅಂಗಳದಲ್ಲಿ ಬಾಗಿಲಿನ ಸುತ್ತ ಕೂತು ಉಂಡರು. “ಇವನು ನಮ್ಮನೇಲಿ ಮೂರು ದಿನ ಉಂಡದ್ದು ಇವತ್ತು ತೀರ್ತು,” ಅಂದಳು ನೀಲಕ್ಕ. “ತೀರಿಲ್ಲಮ್ಮ, ನಾಳೆಯಿಂದ ಮತ್ತೆ ಶುರು,” ಅಂದ ಮಾಬುಸಾಬ್. ನೀಲಕ್ಕ ನಕ್ಕಳು. “ಕೊಟ್ರೇಶಪ್ಪ, ಉಪ್ಪು ಹದವಾಗೈತೆ ನೋಡು.”

ಹಾಲವ್ವನ ಕೈ ತುತ್ತಿನಲ್ಲೇ ನಿಂತಿತು. ತಾನು ಇಟ್ಟ ಹೆಸರು. ಇನ್ನೊಬ್ಬರ ಬಾಯಲ್ಲಿ ಅವಳು ಅದನ್ನು ಕೇಳಿರಲಿಲ್ಲ. ಮೆಲ್ಲಗೆ ಎದ್ದು ಹೋಗಿ ಕಟ್ಟಿದ ಗಂಟು ಬಿಚ್ಚಿದಳು.

ಕಡೆಯ ಬಸ್ಸಿನ ಹೊತ್ತಾಯಿತು. ಒಬ್ಬೊಬ್ಬರೇ ಕೈ ತೊಳೆದು, “ಮತ್ತೆ ಬರ್ತೀವಿ ಕೊಟ್ರೇಶಪ್ಪ” ಅಂದರು. ಹಾಲವ್ವನೂ ಚೀಲ ಎತ್ತಿಕೊಂಡಳು. “ನಾನೊಬ್ಬಳೇ ಹೋಗ್ತೀನಿ. ನೀನು ಇಲ್ಲೇ ಇರು. ಅದಕ್ಕೂ ಮುಂಚೆ ಆ ಬಾಗಿಲು ಹಾಕು, ಕಣ್ಣಾರೆ ನೋಡಿ ಹೋಗ್ತೀನಿ.”

ಓಬಣ್ಣ ಬಾಗಿಲನ್ನು ಎತ್ತಿ ಚೌಕಟ್ಟಿಗೆ ಆನಿಸಿದ. “ಹಿಡಿ ಕೊಟ್ರೇಶಪ್ಪ, ಸ್ಕ್ರೂ ಹಾಕ್ತೀನಿ.”

“ಬ್ಯಾಡಣ್ಣ. ಮತ್ತೆ ಬರ್ತೀವಿ ಅಂದೀರಿ.”

“ಹಿಡಿಯಪ್ಪ,” ಅಂದ ಚನ್ನಬಸಪ್ಪ.

“ಬ್ಯಾಡ.”

“ಕಳ್ಳರು ಬರ್ತಾರೋ, ಹಿಡಿ,” ಅಂದ ಮಾಬುಸಾಬ್.

“ಬ್ಯಾಡ.”

ಮೂರಾಯಿತು. ಹಾಲವ್ವನಿಗೆ ಸಮಾಧಾನವಾಯಿತು. ಹೇಳಿಕೊಟ್ಟವಳು ಅವಳೇ. “ಹಿಡಿ ಮಗನೇ,” ಅಂದಳು ನಾಲ್ಕನೇ ಸಲ.

“ಬ್ಯಾಡ ಅವ್ವ,” ಅಂದ ಕೊಟ್ರ. ಓಬಣ್ಣನ ಕೈಯಿಂದ ಬಾಗಿಲು ತೆಗೆದುಕೊಂಡು, ಮತ್ತೆ ಅಂಗಳದ ಎರಡು ಕಲ್ಲಿನ ಮೇಲೆ ಮಲಗಿಸಿ, ಹೆಗಲ ಮೇಲಿನ ಟವಲಿನಿಂದ ಈ ತುದಿಯಿಂದ ಆ ತುದಿಯವರೆಗೆ ಒರೆಸತೊಡಗಿದ.